ಹಿನ್ನೀರಿನ ಗಾಳಿಗೆ ತಡೆಯುವಂಥ ದೋಣಿ

ನನ್ನ ನಾದಿನಿ ಮಾಳಿಗೆಯ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡ ದಿನ ನನ್ನ ಗಂಡ ಹೊಲದಲ್ಲಿ ಅವಳ ಮನೆಯನ್ನು ನೋಡುತ್ತಲೇ ನಿಂತಿದ್ದರು. ನೋಡಬಹುದಿತ್ತು, ಹೋಗುವುದು ಮಾತ್ರ ಆಗುತ್ತಿರಲಿಲ್ಲ. ನಮ್ಮ ಹೊಲ ಮಲಪ್ರಭೆಯ ಹಿನ್ನೀರಿನ ಈಚೆ ದಂಡೆಯಲ್ಲಿದೆ. ಅವಳನ್ನು ಕೊಟ್ಟ ಊರು ಆಚೆ ದಂಡೆಯಲ್ಲಿ. ಬಿಸಿಲು ಚೆನ್ನಾಗಿದ್ದರೆ ಅವಳು ಮಾಳಿಗೆಯ ಮೇಲೆ ಒಣಹಾಕಿದ ಸೀರೆಯ ಬಣ್ಣವೂ ನಮಗೆ ಕಾಣುತ್ತದೆ. ಆದರೆ ರಸ್ತೆ ಹಿಡಿದು ಹೋಗಬೇಕೆಂದರೆ ಅಣೆಕಟ್ಟಿನವರೆಗೆ ಬಂದು ಪೂರ್ತಿ ಸುತ್ತು ಹಾಕಬೇಕು. ಅವಳ ಗಂಡ ಹತ್ತಿ ವ್ಯಾಪಾರಕ್ಕೆಂದು ಊರಾಚೆ ಹೋಗಿದ್ದ. ನನ್ನ ಕೈಯಲ್ಲಿದ್ದ ಫೋನಿನಲ್ಲಿ ಅವಳು ನರಳುತ್ತಿದ್ದಳು, ಇವರು ಕಾರು ಓಡಿಸುತ್ತಿದ್ದರು. ಅಲ್ಲಿ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು.

ಕಾಲು ಕೂಡಿಕೊಂಡಿತು. ಆದರೆ ಇವರ ಮನಸ್ಸು ಕೂಡಿಕೊಳ್ಳಲಿಲ್ಲ. ತಾರಿಹಾಳದಲ್ಲಿ ಇವರದೊಂದು ಸಣ್ಣ ಕಾರ್ಖಾನೆಯಿದೆ, ಫೈಬರಿನ ಬಾಗಿಲು, ನೀರಿನ ಟಾಕಿ ಮಾಡುತ್ತಾರೆ. ಅಲ್ಲಿಂದ ಬಂದವರು ಊಟಕ್ಕೆ ಕೂತರೂ ಮೊಬೈಲಿನಲ್ಲಿ ದೋಣಿಗಳನ್ನೇ ನೋಡುತ್ತಿದ್ದರು. ನೀರಾವರಿಯವರ ಅನುಮತಿಗಾಗಿ ತಿಂಗಳುಗಟ್ಟಲೆ ಅಲೆದು, ಅದು ಸಿಕ್ಕ ದಿನ ಪೇಢೆ ಹಿಡಿದುಕೊಂಡು ಬಂದರು.

ನಾನು ಪೇಢೆಯನ್ನು ತಟ್ಟೆಯಲ್ಲೇ ಬಿಟ್ಟೆ. ನಾನು ಧಾರವಾಡದ ಸಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಈಜು ಬರುವುದಿಲ್ಲ. ನಮ್ಮ ಮಗಳು ಆಗ ಏಳನೆಯ ಇಯತ್ತೆ, ಅವಳಿಗೂ ಬರುತ್ತಿರಲಿಲ್ಲ. ಆಷಾಢದಲ್ಲಿ ಆ ಹಿನ್ನೀರು ಹೇಗಿರುತ್ತದೆ ಎಂದು ನಾನು ಕಂಡಿದ್ದೆ. ಪಡುವಣ ಗಾಳಿಗೆ ತಡೆಯೇ ಇರುವುದಿಲ್ಲ, ನೀರಿನ ಮೇಲೆಲ್ಲ ಬೆಳ್ಳಗೆ ನೊರೆ ಏಳುತ್ತದೆ. ಬೇಡವೆಂದು ಹೇಳಲೂ ಬಾಯಿ ಬರಲಿಲ್ಲ, ನಾದಿನಿಯ ನರಳಾಟ ನಾನೂ ಕೇಳಿದ್ದೆ. ಕೊನೆಗೆ ಒಂದೇ ಮಾತು ಹೇಳಿದೆ.

"ದೋಣಿ ನಾ ಆರಿಸ್ತೇನಿ. ಇಲ್ಲಾಂದ್ರ ಮಗಳು ಅದರಾಗ ಕಾಲಿಡಂಗಿಲ್ಲ."

ಇವರು ನಕ್ಕರು, ಒಪ್ಪಿದರು. ಒಪ್ಪಿದ್ದು ನನಗೇ ಭಾರವಾಯಿತು. ಈಗ ಏನಾದರೂ ಆದರೆ ಅದು ನಾನು ಆರಿಸಿದ ದೋಣಿ.

ಅಂದಿನಿಂದ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಹಲಗೆಯ ಮೇಲೆ ತ್ರಿಕೋನ ಬರೆಯುವಾಗ ಅದು ದೋಣಿಯ ತಳದಂತೆ ಕಾಣುತ್ತಿತ್ತು. ಕೇಶ್ವಾಪುರದಲ್ಲಿ ನಮ್ಮ ಓಣಿಯ ತುದಿಯ ಮನೆಯಲ್ಲಿ ನೌಕಾಪಡೆಯಿಂದ ನಿವೃತ್ತರಾದ ಒಬ್ಬರಿದ್ದಾರೆ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಗಿಡಕ್ಕೆ ನೀರು ಹಾಕುತ್ತಿದ್ದವರ ಮುಂದೆ ನನ್ನ ತಳಮಳವನ್ನೆಲ್ಲ ಹೇಳಿಕೊಂಡೆ. ಅವರು ಪೈಪು ಕೆಳಗಿಟ್ಟು ಬಹಳ ಹೊತ್ತು ಮಾತಾಡಿದರು.

"ಸಮುದ್ರದ ತೆರಿ ಉದ್ದ ಇರ್ತಾವರಿ ಅಕ್ಕೋರ, ಏರಾಕ ಇಳಿಯಾಕ ದೋಣಿಗೆ ಪುರಸೊತ್ತು ಸಿಗತೈತಿ. ಇಂಥಾ ದೊಡ್ಡ ಕೆರಿ ತೆರಿ ಗಿಡ್ಡ ಇರ್ತಾವು, ಒಂದರ ಬೆನ್ನಿಗೆ ಒಂದು ಬಡೀತಾವು. ಸಮುದ್ರದಾಗ ಓಡೇತಿ ಅಂದಕೂಡ್ಲೆ ಇಲ್ಲಿ ಓಡತೈತಿ ಅಂತ ತಿಳೀಬ್ಯಾಡ್ರಿ."

ದೋಣಿಯ ಬದಿ ಎತ್ತರವಿರಬೇಕು, ಮೂತಿಯ ಕೆಳಗೆ ತಳ ಚೂಪಾಗಿರಬೇಕು, ಒಳಗೆ ಬಂದ ನೀರು ತಾನಾಗಿ ಹೊರಗೆ ಹೋಗಬೇಕು, ತುಂಬಿದರೂ ಮುಳುಗದಂತೆ ಹೊಟ್ಟೆಯೊಳಗೆ ಫೋಮ್ ಇರಬೇಕು ಎಂದು ಅವರು ಹೇಳಿದರು. ಎಲ್ಲಕ್ಕಿಂತ ಮುಖ್ಯ, ಗಾಳಿ ಇಲ್ಲದಾಗ ಯಾವ ದೋಣಿಯನ್ನೂ ಮೆಚ್ಚಬೇಡಿ ಎಂದರು.

ಮೊದಲು ನೋಡಿದ್ದು ಗೋವಾದ ಒಂದು ನದಿಯ ದಂಡೆಯಲ್ಲಿ, ಒಬ್ಬರು ಬಳಸಿ ಬಿಟ್ಟ ದೋಣಿ. ಬಿಳಿ ಮೈಗೆ ನೀಲಿ ಪಟ್ಟೆ, ಮೆತ್ತನೆಯ ಸೀಟು, ಹಾಡು ಕೇಳಲು ಸ್ಪೀಕರು. ಇವರು ಅದರ ಫೈಬರನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕೆಲಸ ಛಲೋ ಮಾಡ್ಯಾರ ಎಂದರು. ಮಗಳು ಆಗಲೇ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದಳು. ನದಿ ಎಣ್ಣೆಯಂತೆ ನಿಂತಿತ್ತು. ದೋಣಿ ಜಾರುತ್ತ ಓಡಿತು. ನಾನು ಬದಿಯಿಂದ ಕೈ ಇಳಿಬಿಟ್ಟೆ, ಬಗ್ಗದೆಯೇ ಬೆರಳು ನೀರಿಗೆ ತಾಗಿತು. ಬದಿ ಅಷ್ಟು ತಗ್ಗು. ತಳ ಚಪ್ಪಟೆ. ಗಾಳಿ ಬಂದರೆ ಹೇಗೆಂದು ಮಾರುವವರನ್ನು ಕೇಳಿದೆ. ಗಾಳಿ ಬಂದರೆ ಯಾರು ದೋಣಿ ತೆಗೆಯುತ್ತಾರೆ ಅಕ್ಕಾ ಎಂದರು. ಫೋಮ್ ಇದೆಯೇ ಎಂದು ಕೇಳಿದ್ದಕ್ಕೆ ಸೀಟಿನ ದಿಂಬು ತೋರಿಸಿದರು.

ನಾನು ಬೇಡವೆಂದೆ. ಘಟ್ಟ ಹತ್ತುವಾಗ ಇವರು ರಸ್ತೆಯನ್ನೇ ನೋಡುತ್ತ ಕಾರು ಓಡಿಸಿದರು. ಧಾರವಾಡ ಹತ್ತಿರ ಬಂದಾಗ, "ನಿನಗ ದೋಣಿ ಬೇಕಾಗಿಲ್ಲ, ನೆಪ ಬೇಕಾಗೇತಿ," ಎಂದರು. ಅದು ಚುಚ್ಚಿತು. ಅದರಲ್ಲಿ ನಿಜವೆಷ್ಟು, ಸಿಟ್ಟೆಷ್ಟು ಎಂದು ವಾರವಿಡೀ ನನ್ನನ್ನೇ ಕೇಳಿಕೊಂಡೆ. ಮನೆಯಲ್ಲಿ ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆಂದು ತಿಳಿಯುತ್ತಿರಲಿಲ್ಲ.

ಎರಡನೆಯದನ್ನು ಕಾಕಾ ಹುಡುಕಿಕೊಟ್ಟರು. ಕಾರವಾರದ ಕಡೆ ದೋಣಿ ಕಟ್ಟುವವರೊಬ್ಬರು ಬಂದರಿನ ಕೆಲಸಕ್ಕೆಂದು ಮಾಡಿ, ಗಿರಾಕಿ ಬೇಡವೆಂದದ್ದಕ್ಕೆ ಉಳಿದುಹೋದದ್ದು. ಬೂದು ಬಣ್ಣ, ಮೊಂಡ ಮೈ, ಎದೆಯುದ್ದ ಬದಿ. ಸೀಟೆಂದರೆ ಬರೀ ಹಲಗೆ. ಮಗಳು ಅದನ್ನು ಎಮ್ಮೆ ಎಂದಳು. ನಮ್ಮ ಹಿನ್ನೀರಿನಲ್ಲೇ, ಗಾಳಿಯ ದಿನವೇ ಓಡಿಸಿ ತೋರಿಸಬೇಕೆಂದು ನಾನು ಪಟ್ಟು ಹಿಡಿದೆ. ಕಟ್ಟಿದವರು ತಕರಾರು ಮಾಡಲಿಲ್ಲ. ಶ್ರಾವಣದ ಒಂದು ರವಿವಾರ ಅದನ್ನು ಟ್ರೇಲರಿನ ಮೇಲೆ ಹೇರಿಕೊಂಡು ತಾವೇ ಬಂದರು.

ಮಧ್ಯಾಹ್ನಕ್ಕೆ ಗಾಳಿ ಎದ್ದಿತು. ಮಗಳನ್ನು ದಂಡೆಯ ಮೇಲೆ ಕಾಕಾನ ಹೆಂಡತಿಯ ಹತ್ತಿರ ಬಿಟ್ಟು ನಾನು, ಇವರು, ಕಾಕಾ, ದೋಣಿ ಕಟ್ಟಿದವರು ನಾಲ್ವರೂ ಜಾಕೆಟ್ ಬಿಗಿದುಕೊಂಡು ಹತ್ತಿದೆವು. ಕಟ್ಟಿದವರೇ ಓಡಿಸಿದರು; ಅವರ ಮುಂಗೈಗೆ ಎಂಜಿನ್ನಿನ ಕೆಂಪು ದಾರವೊಂದು ಬಿಗಿದಿತ್ತು, ಅವರು ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲುತ್ತದೆ. ನಡುನೀರಿಗೆ ಹೋದಮೇಲೆ ಕಾಕಾ ಎಂಜಿನ್ ಬಂದ್ ಮಾಡಿಸಿದರು.

ಆಗ ಆದದ್ದು ಈಗಲೂ ನನ್ನ ಮೈಯಲ್ಲಿದೆ. ಸದ್ದು ನಿಂತ ಕೂಡಲೇ ಗಾಳಿಯ ಸದ್ದು ಕೇಳಿಸಿತು. ದೋಣಿ ತಿರುಗಿ ತೆರೆಗೆ ಅಡ್ಡವಾಯಿತು. ಒಂದು ತೆರೆ ಎತ್ತಿತು, ಇಳಿಸುವ ಮೊದಲೇ ಇನ್ನೊಂದು ಬಂದು ಬಡಿಯಿತು, ಮೂರನೆಯದು ಬದಿ ದಾಟಿ ಒಳಗೇ ಬಿತ್ತು. ಪಾದ ಮುಳುಗಿತು. ನಾನು ಹಲಗೆಯನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿದೆ. ಬದಿಯಾಚೆ ಬಾಗಿ ವಾಂತಿ ಮಾಡಿದೆ. ಇವರ ಕಡೆ ನೋಡಿದರೆ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

ಮತ್ತೆ ಕೆಳಗೆ ನೋಡಿದಾಗ ನೀರು ಹಿಂದಿನ ಕಿಂಡಿಗಳಿಂದ ಹೊರಗೆ ಹರಿದುಹೋಗುತ್ತಿತ್ತು. ದೋಣಿ ಹೊಯ್ದಾಡುತ್ತಿತ್ತು, ಆದರೆ ವಾಲಿದಷ್ಟೂ ತಿರುಗಿ ಏಳುತ್ತಿತ್ತು. ಆಮೇಲೆ ಇವರು ನನ್ನ ಹತ್ತಿರ ಸರಿದು ಕೂತು, ನನಗಷ್ಟೇ ಕೇಳುವಂತೆ ಹೇಳಿದರು.

"ಗೋವಾದ್ದು ಆಗಿದ್ರ ಇಷ್ಟೊತ್ತಿಗೆ ನಾವು ನೀರಾಗ ಇರ್ತಿದ್ವಿ."

ಬೂದು ದೋಣಿಯನ್ನೇ ಕೊಂಡೆವು. ಆದರೆ ನನ್ನ ತಳಮಳ ಹೋಗಲಿಲ್ಲ, ಬೇರೆ ಕಡೆ ತಿರುಗಿತಷ್ಟೇ. ಮಗಳಿಗೂ ನನಗೂ ಈಜು ಕಲಿಯುವ ವ್ಯವಸ್ಥೆಯಾಯಿತು. ಅವಳು ಮೀನಿನಂತಾದಳು, ನಾನು ಹೇಗೋ ತೇಲುವಷ್ಟಕ್ಕೆ ಬಂದೆ. ಇವರು ಕಾಕಾನ ಜೊತೆ ಎಷ್ಟೋ ಬೆಳಗು ಓಡಿಸಿ ಕಲಿತರು; ಜೋರುಗಾಳಿಗೆ ವೇಗ ಇಳಿಸಿ ತೆರೆಗೆ ಓರೆ ಹಿಡಿಯಬೇಕೆಂದು ಕಾಕಾ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ.

ದಸರೆಯ ರಜೆಯಲ್ಲಿ ಮೊದಲ ಸಲ ಮೂವರೂ ದಾಟಿ ಹೋದೆವು. ನಾದಿನಿ ಕೋಲೂರಿಕೊಂಡು ದಂಡೆಗೇ ಬಂದಿದ್ದಳು. ನನ್ನ ಕೈ ಹಿಡಿದು ಇಳಿಸಿಕೊಳ್ಳುವಾಗ ಅತ್ತಳು. ಹೋಳಿಗೆ ಉಂಡು, ಮಾತಾಡುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹೊರಡುವಾಗ ನೀರು ಕನ್ನಡಿಯಂತಿತ್ತು. ಇದ್ದು ಹೋಗಿ ವೈನಿ ಎಂದು ಅವಳು ಬಹಳ ಹೇಳಿದಳು. ನಾನೇ, ಬೆಳಕಿರುವಾಗ ದಾಟಿಬಿಡೋಣ ಎಂದೆ.

ಅರ್ಧ ದಾರಿಯಲ್ಲಿ ಮೂಡಣದಲ್ಲಿ ಮೋಡ ಕಟ್ಟಿತು. ಹಿಂಗಾರಿನ ಮಳೆಯ ಮುಂದೆ ಬರುವ ಗಾಳಿ ನೀರನ್ನು ಕಪ್ಪು ಮಾಡುತ್ತ ನಮ್ಮ ಕಡೆ ಬರುವುದು ಕಣ್ಣಿಗೇ ಕಾಣುತ್ತಿತ್ತು. ಎರಡೂ ದಂಡೆ ಅಷ್ಟಷ್ಟೇ ದೂರ. ಇವರ ಕೈ ವೇಗ ಹೆಚ್ಚಿಸುವ ಹಿಡಿಯ ಮೇಲೆ ಹೋಯಿತು.

"ಜೋರ ಬಿಡಬ್ಯಾಡ್ರಿ," ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. "ತೆರಿಗೆ ಓರೆ ಹಿಡೀರಿ. ಸಾವಕಾಶ ಹೋಗೂಣು."

ಇವರು ವೇಗ ಇಳಿಸಿದರು. ಮಗಳನ್ನು ದೋಣಿಯ ನಡುವೆ ತಳದಲ್ಲಿ ಕೂರಿಸಿ, ನಾನು ಅವಳ ಹಿಂದೆ ಕೂತು ಎರಡೂ ಕಾಲಿನ ನಡುವೆ ಅವಳನ್ನು ಬಿಗಿಹಿಡಿದೆ. ಮಳೆ ಹರಳು ಎಸೆದಂತೆ ಮುಖಕ್ಕೆ ಬಡಿಯಿತು. ಮೂತಿ ಏರಿತು, ಇಳಿಯಿತು, ಪ್ರತಿ ಇಳಿತಕ್ಕೂ ನನ್ನ ಹಲ್ಲು ಕಟಕಟ ಬಡಿದವು. ನೀರು ಒಳಗೆ ಬಂತು, ಹೊರಗೆ ಹೋಯಿತು. ದಂಡೆ ಮಾಯವಾಯಿತು. ಮಗಳು ಹಿಂದೆ ತಿರುಗದೆಯೇ, "ಅವ್ವಾ, ಇನ್ನೂ ಎಷ್ಟು ದೂರ?" ಎಂದು ಕೇಳಿದಳು. ಹತ್ತಿರಾತು ಎಂದೆ, ನನಗೇನೂ ಕಾಣುತ್ತಿರಲಿಲ್ಲ.

ಮಳೆಯ ನಡುವೆ ಮೊದಲು ಕಂಡದ್ದು ನಮ್ಮ ಹೊಲದ ಬೇವಿನ ಮರ. ದೋಣಿ ಕೆಸರಿಗೆ ತಾಗಿ ನಿಂತಾಗ ಇವರು ಎಂಜಿನ್ ಬಂದ್ ಮಾಡಿ, ಹಾಗೇ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಕೂತರು. ನಾನು ಜಾಕೆಟ್ಟಿನ ಬಕಲ್ ಬಿಚ್ಚತೊಡಗಿದೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮಗಳೇ ಎತ್ತಿದಳು.

"ಮುಟ್ಟೇವಿ ಅತ್ತಿ. ಎಲ್ಲಾರೂ ತೊಯ್ದೇವಿ, ಅಷ್ಟ."

ಆಚೆಯಿಂದ ನಾದಿನಿ ಬೈದದ್ದು ನನಗೂ ಕೇಳಿಸಿತು. ಬೈದು ಮುಗಿಸಿದ ಮೇಲೂ ಅವಳು ಫೋನು ಇಡಲೇ ಇಲ್ಲ. ಮಗಳು ಅದನ್ನು ಕಿವಿಗೆ ಹಿಡಿದುಕೊಂಡೇ ಕೆಸರಿನಲ್ಲಿ ಇಳಿದಳು. ನಾವಿಬ್ಬರೂ ಹಗ್ಗ ಎಳೆದು ದೋಣಿಯನ್ನು ಬೇವಿನ ಬೊಡ್ಡೆಗೆ ಕಟ್ಟಿದೆವು. ಗಂಟು ಸರಿಯಾಗಿದೆಯೇ ಎಂದು ನಾನು ಮತ್ತೆ ಮತ್ತೆ ಎಳೆದು ನೋಡುತ್ತಿದ್ದೆ. ಸಾಕು ನಡಿ ಎಂದು ಇವರು ಕರೆದ ಮೇಲೂ ಇನ್ನೊಮ್ಮೆ ಎಳೆದು ನೋಡಿಯೇ ಹೊರಟೆ.