ಹೆಸರಿಲ್ಲದ ಒಂಬತ್ತನೆಯ ದೀಪ

ಭದ್ರಾವತಿಯ ಕಾರ್ಖಾನೆಯಲ್ಲಿ ಮೀಟರು ರಿಪೇರಿ ಮಾಡುತ್ತಿದ್ದ ಷಡಕ್ಷರಪ್ಪನವರಿಗೆ, ಕೆಟ್ಟದ್ದು ಏನಿದ್ದರೂ ತಾನು ಸರಿಮಾಡಬಲ್ಲೆ ಎಂಬ ಜಂಬ. ಜೊತೆಗೇ ದುಡಿದ ನಾನು ಅದನ್ನು ಇಪ್ಪತ್ತು ವರ್ಷ ಸಹಿಸಿದ್ದೇನೆ. ನಿವೃತ್ತರಾಗಿ ಇಬ್ಬರೂ ಶಿವಮೊಗ್ಗದ ರವೀಂದ್ರನಗರಕ್ಕೆ ಬಂದೆವು. ಜಂಬವೂ ಜೊತೆಗೆ ಬಂತು.

2003ರಲ್ಲಿ ಅವರ ಹೆಂಡತಿ ವೀರಮ್ಮನವರಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ನಿಂತುಹೋಯಿತು. ಬಲಗೈಯ ತೋರುಬೆರಳು ಮಾತ್ರ ಅಷ್ಟಿಷ್ಟು ಆಡುತ್ತಿತ್ತು, ಗುಂಡಿ ಒತ್ತುವಷ್ಟು ಬಲವಿರಲಿಲ್ಲ. ಷಡಕ್ಷರಪ್ಪ ಒಂದು ಹಲಗೆಗೆ ಒಂಬತ್ತು ಪುಟ್ಟ ಕೆಂಪು ಎಲ್‌ಇಡಿ ದೀಪ ಕೂರಿಸಿ ಹೆಂಡತಿಯ ಬೆರಳಿನ ಕೆಳಗಿಟ್ಟರು.

"ಇದು ಬೆಳಕು ಕೊಡೋದಷ್ಟೇ ಅಲ್ಲ ಮಾರಾಯ, ಮೇಲೆ ಬೆಳಕು ಬಿದ್ರೆ ಇದಕ್ಕೆ ಗೊತ್ತಾಗುತ್ತೆ. ಬೆರಳು ಅಡ್ಡ ಬಂದ್ರೆ ಸಾಕು, ಒತ್ತೋದೇ ಬೇಡ," ಎಂದರು.

ಬೆರಳು ಮುಚ್ಚಿದ ದೀಪ ಹೊತ್ತಿಕೊಂಡು, ಅವರು ಬಂದು ಆರಿಸುವವರೆಗೂ ಉರಿಯುತ್ತಿತ್ತು. ಪಕ್ಕದಲ್ಲೇ ಚೀಟಿ: ನೀರು, ಕಾಫಿ, ನೋವು, ಫ್ಯಾನು, ಹೀಗೆ. ಚೀಟಿಗೆ ಬರೆಯಲು ಎಂಟು ಬೇಡಿಕೆ ಹೊಳೆದವು. ಒಂಬತ್ತನೆಯದಕ್ಕೆ ಏನೂ ತೋಚದೆ ಖಾಲಿ ಬಿಟ್ಟರು.

ಮೊದಲ ದಿನ ಕಾಫಿಯ ದೀಪ ಹತ್ತಿದಾಗ ಆ ಮನುಷ್ಯ ಗಳಗಳನೆ ಅತ್ತುಬಿಟ್ಟರು. ಮರುದಿನದಿಂದ ಖಾಲಿ ದೀಪ ಹತ್ತತೊಡಗಿತು.

"ಏನು ಬೇಕೇ? ನೀರಾ? ನೋವಾ?" ಎಂಟನ್ನೂ ಕೇಳಿದರು. ವೀರಮ್ಮ ಕಣ್ಣು ಮುಚ್ಚಿಕೊಂಡರು.

ಬುದ್ಧಿವಂತನಿಗೆ ಮೂರು ಕಡೆ ಅಂತಾರಲ್ಲ, ಇವರು ಮೂರು ಸಲ ಆ ದೀಪ ಬದಲಾಯಿಸಿದರು. ಕಿಟಕಿಯ ನೆರಳಿನ ಕಾಟವೆಂದು ಪರದೆ ಸರಿಪಡಿಸಿದರು. ಕೊನೆಗೆ ಅದರ ತಂತಿಯನ್ನೇ ಕತ್ತರಿಸಿದರು. ಅದೇ ಸರಿ ಎಂದು ನಾನೂ ತಲೆಯಾಡಿಸಿದೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆಮೇಲೂ ವೀರಮ್ಮನ ಬೆರಳು ಆ ಸತ್ತ ದೀಪದ ಮೇಲೇ ಹೋಗಿ ಕೂರುತ್ತಿತ್ತು.

ಎರಡು ತಿಂಗಳಾದ ಮೇಲೆ ವೀರಮ್ಮನ ಅಕ್ಕ ಸುವರ್ಣಮ್ಮ ನೋಡಲು ಬಂದರು. ಅಷ್ಟರಲ್ಲಿ ಆ ಬೆರಳೂ ಸೋತಿತ್ತು. ತಂಗಿಯ ಸೆರಗು ಸರಿಮಾಡಲು ಹೋದವರು ಬೆಚ್ಚಿಬಿದ್ದರು.

"ಕೊರಳು ಬರಿದಾಗಿದೆಯಲ್ಲಪ್ಪಾ! ಲಿಂಗ ಎಲ್ಲಿ?"

"ಸ್ಕ್ಯಾನ್ ಮಾಡೋವಾಗ ಬಿಚ್ಚಿಸಿದ್ರು ಅಕ್ಕಾ. ಬೀರುವಿನಲ್ಲಿ ಭದ್ರವಾಗಿಟ್ಟಿದ್ದೀನಿ."

"ದೀಕ್ಷೆ ಆದಾಗಿನಿಂದ ಒಂದು ದಿನವೂ ಲಿಂಗಪೂಜೆ ಬಿಟ್ಟವಳಲ್ಲ. ಇಷ್ಟು ದಿನ ಅವಳು ಕೇಳಲಿಲ್ವಾ?"

ಷಡಕ್ಷರಪ್ಪ ಹಲಗೆಯತ್ತ ನೋಡಿದರು. ನಾನೂ ನೋಡಿದೆ. ಅವರು ಎದ್ದು ಬೀರುವಿನತ್ತ ಹೋದರು.

ಲಿಂಗ ತಂದು ಹೆಂಡತಿಯ ಎಡ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮಡಿಚಿ ಹಿಡಿದುಕೊಂಡರು. ವೀರಮ್ಮನ ಕಣ್ಣೀರಿಗೆ ದಿಂಬು ಒದ್ದೆಯಾಯಿತು. ಮೂರನೆಯ ದಿನ ತೀರಿಕೊಂಡರು.

ಮಣ್ಣು ಮಾಡಿ ಬರುವಾಗ ಷಡಕ್ಷರಪ್ಪ ನನ್ನ ತೋಳು ಹಿಡಿದು ನಿಂತರು.

"ಅವಳು ಸರಿಯಾಗೇ ಹೇಳ್ತಿದ್ಲು ಮಾರಾಯ. ನಾನು ಅವಳನ್ನ ಬಿಟ್ಟು ಹಲಗೇನ ನಂಬಿದೆ."