ಕಬ್ಬಿಣದ ಊರಿನ ಮಲ್ಲಿಗೆಗೆ ಟಾನಿಕ್

ನಿಮ್ಮ ಮನೆಯ ಗಿಡದ ಒಂದು ಎಲೆಯನ್ನು ಮಗುಚಿ, ಅದರ ಬೆನ್ನನ್ನು ನೀವು ಕೊನೆಯ ಸಲ ನೋಡಿದ್ದು ಯಾವಾಗ? ನೆನಪಾಗದಿದ್ದರೆ ನಾಚಬೇಕಾಗಿಲ್ಲ. ಹೋದ ವರ್ಷದ ಸಂಕ್ರಾಂತಿಯವರೆಗೆ ನಾನೂ ನೋಡಿರಲಿಲ್ಲ. ನೋಡದೆಯೇ ಗಿಡಗಳ ಆಹಾರದ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ.

ನಾನಿರುವುದು ಕುರೆಕುಪ್ಪದಲ್ಲಿ, ಪಾಠ ಹೇಳುವುದು ಹೊಸಪೇಟೆಯ ಕಾಲೇಜಿನಲ್ಲಿ. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತು ಬರುವ ಲಾರಿಗಳು ನಮ್ಮೂರಿಗೆ ದಿನವೂ ಒಂದಿಷ್ಟು ಕೆಂಪು ಹಂಚಿ ಹೋಗುತ್ತವೆ. ಬಿಳಿ ಅಂಗಿ, ಬಿಳಿ ಗೋಡೆ, ಬಿಳಿ ಬೆಕ್ಕು, ಯಾವುದೂ ಇಲ್ಲಿ ಬಹಳ ದಿನ ತನ್ನ ನಿಲುವಿಗೆ ಅಂಟಿಕೊಳ್ಳುವುದಿಲ್ಲ. ಇಂಥ ಊರಿನಲ್ಲಿ ಮಲ್ಲಿಗೆ ಬೆಳೆಸುವುದು ಸಮಾಜ ಸುಧಾರಣೆಯ ಮೊದಲ ಮೆಟ್ಟಿಲೆಂದು ನಾನು ನಂಬಿದವನು. ಪ್ರತಿ ಮನೆಯ ಮುಂದೆ ಒಂದು ಗಿಡವಿರಲೇಬೇಕೆಂದು ಓಣಿಯಲ್ಲೆಲ್ಲ ವಾದಿಸಿದ್ದೆ. ಕಾಲೇಜು ದಿನಗಳಲ್ಲಿ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪುಗಳು ಈಗಲೂ ನನ್ನ ಕಪಾಟಿನಲ್ಲಿವೆ. ಅವುಗಳ ಮೇಲೂ ಧೂಳಿದೆ.

ಆ ವಾದವನ್ನು ಮೊದಲು ಒಪ್ಪಿದ್ದು ಪಕ್ಕದ ಮನೆಯ ಹೊನ್ನೂರಮ್ಮನವರ ಮಗಳು ರೇಣುಕಾ. ಅಂಗಳದಲ್ಲಿ ಒಂದು ಮಲ್ಲಿಗೆಯ ಕಡ್ಡಿ ಊರಿ, ಅದು ಚಿಗುರಿದ್ದನ್ನು ಕಂಡು, ಮದುವೆಯಾಗಿ ಕಂಪ್ಲಿಗೆ ಹೋದಳು. ಸಂಕ್ರಾಂತಿ ಕಳೆದು ಅವಳ ಫೋನು ಬಂತು. ಚೊಚ್ಚಲ ಬಸಿರು, ಯುಗಾದಿಯ ನಂತರ ಕುಬಸ, ಅಂದರೆ ಸೀಮಂತ. "ಅವ್ವಾ, ಪ್ಯಾಟಿ ಹೂವು ಬ್ಯಾಡ. ನನ್ನ ಗಿಡದ ಹೂವಾ ಮುಡಸಬೇಕು ನೋಡು."

ಆದರೆ ಗಿಡದ ಎಳೆಯ ಎಲೆಗಳು ಹಳದಿಗಟ್ಟಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದವು. ಮೊಗ್ಗಿನ ಸುಳಿವೇ ಇರಲಿಲ್ಲ. "ಗಿಡ ಹಚ್ರಿ, ಗಿಡ ಹಚ್ರಿ ಅಂದವ್ರು ನೀವು ಸಾರ್," ಎಂದರು ಹೊನ್ನೂರಮ್ಮ. "ಈಗ ಅದ್ಕೇನಾಗೇತಿ, ನೀವಾ ಹೇಳ್ರಿ."

ನಾನು ಓದಲು ಕುಳಿತೆ. ಸಂಸ್ಕೃತದವರು ಗಿಡವನ್ನು ಪಾದಪ ಎಂದು ಕರೆದರು, ಅಂದರೆ ಪಾದದಿಂದ ಕುಡಿಯುವುದು. ಹಾಗೆ ಕಾಲಿನಿಂದ ಕುಡಿಯುವ ಜೀವಕ್ಕೆ ಅಂಗೈಯಿಂದ ಉಣಿಸುವ ಉಪಾಯವೇ ಎಲೆಗೆ ಸಿಂಪಡಿಸುವ ಗೊಬ್ಬರ. ಬೇರಿಗೆ ದಕ್ಕದಿರುವುದು ಎಲೆಯ ದಾರಿಯಲ್ಲಿ ಬೇಗ ಒಳಗೆ ಸೇರುತ್ತದೆ. ನಮ್ಮ ಸೀಮೆಯ ರೈತರು ಇದಕ್ಕೆ ಚಿಕ್ಕದಾಗಿ ಟಾನಿಕ್ ಎನ್ನುತ್ತಾರೆ.

ಹೊಸಪೇಟೆಯ ಗೊಬ್ಬರದಂಗಡಿಯ ಕಪಾಟಿನಲ್ಲಿ ಇಂಥ ಟಾನಿಕ್ಕುಗಳ ಒಂದು ಸಂಸತ್ತೇ ನೆರೆದಿತ್ತು. ಅಂಗಡಿಯ ವೃದ್ಧರು ಕೇಳಿದರು: "ಎಲೀ ತಂದೀರೇನ್ರಿ?" ತಂದಿರಲಿಲ್ಲ. ಮಾತಿನಲ್ಲೇ ವರ್ಣಿಸಿದೆ. "ಕಬ್ಬಿಣ ಕಡಿಮಿ ಬಿದ್ದಿರಬೇಕ್ರಿ," ಎಂದರು.

ನನಗೆ ನಗು ಬಂತು. ಕುರೆಕುಪ್ಪದಲ್ಲಿ ಕಬ್ಬಿಣದ ಕೊರತೆ! ನೆಲದಲ್ಲಿ ಕಬ್ಬಿಣ, ಗಾಳಿಯಲ್ಲಿ ಕಬ್ಬಿಣ, ಎಲೆಯ ಮೇಲೂ ಕಬ್ಬಿಣ. ಆದ್ದರಿಂದ ಗಿಡಕ್ಕೆ ಬೇಕಾದದ್ದು ಬೇರೆಯೇ ಎಂದು ಕ್ರಮವಾಗಿ ಸಾಧಿಸಿದೆ. ಅವರು ಕನ್ನಡಕ ಒರೆಸಿಕೊಂಡರು. "ಆತ್ರಿ ಸಾರ್, ನೀವಾ ಗೆದ್ರಿ," ಎಂದು ನಾನು ಬೆರಳು ತೋರಿಸಿದ ಸಾರಜನಕದ ಪುಡಿಯನ್ನೇ ಕಟ್ಟಿಕೊಟ್ಟರು.

ಗೆದ್ದ ಉತ್ಸಾಹದಲ್ಲಿ ಭಾನುವಾರ ನಡುಮಧ್ಯಾಹ್ನ, ಪೊಟ್ಟಣದ ಚೀಟಿಯಲ್ಲಿ ಹೇಳಿದ್ದಕ್ಕಿಂತ ಎರಡು ಪಟ್ಟು ಪುಡಿ ಕಲಸಿ, ಧೂಳು ತುಂಬಿದ ಎಲೆಗಳ ಮೇಲೆಯೇ ಸಿಂಪಡಿಸಿದೆ. ಮೂರನೆಯ ದಿನಕ್ಕೆ ಎಲೆಗಳ ಅಂಚು ಸುಟ್ಟಿತ್ತು. ಧೂಳು ಹೆಪ್ಪುಗಟ್ಟಿ ಕೆಂಪು ಗಿಲಾವಿನಂತೆ ಕೂತಿತ್ತು.

"ಗ್ವಾಡಿಗೆ ಕೆಮ್ಮಣ್ಣು ಸಾರಿಸಿದಂಗಾತಲ್ರಿ ಸಾರ್," ಎಂದರು ಹೊನ್ನೂರಮ್ಮ. ಆಮೇಲೆ ದನಿ ತಗ್ಗಿಸಿ, "ನನ್ನ ಮಗಳಿಗೆ ಏನಂತ ಹೇಳ್ಲಿ?" ಎಂದರು. ಯಾವ ಚರ್ಚಾಸ್ಪರ್ಧೆಯಲ್ಲೂ ನನಗೆ ಇಂಥ ಪ್ರಶ್ನೆ ಎದುರಾಗಿರಲಿಲ್ಲ.

ಅಂದು ಸಂಜೆ ಅವರು ಒಂದು ಬಕೆಟ್ ನೀರು ತಂದು, ಒಂದೊಂದೇ ಎಲೆಯನ್ನು ಅಂಗೈ ಮೇಲಿಟ್ಟುಕೊಂಡು ತೊಳೆಯತೊಡಗಿದರು. "ಕೂಸಿನ ಮಾರಿ ಒರಸದಾ ಯಾರರ ತುತ್ತು ಇಡ್ತಾರೇನ್ರಿ?" ನಾನೂ ಪಕ್ಕದಲ್ಲಿ ಕುಳಿತೆ. ಆಗಲೇ ನಾನು ಎಲೆಯ ಬೆನ್ನು ನೋಡಿದ್ದು. ಮೇಲ್ಮೈಯಲ್ಲಿ ಇಡೀ ಗಣಿಯೇ ಕೂತಿದ್ದರೂ ಕೆಳಗೆ ಎಲೆ ಎಷ್ಟೋ ಸ್ವಚ್ಛವಾಗಿತ್ತು. ಅದು ಉಸಿರಾಡುವ ಸಣ್ಣ ರಂಧ್ರಗಳು ಹೆಚ್ಚಾಗಿ ಇರುವುದೂ ಅಲ್ಲಿಯೇ ಎಂದು ಪುಸ್ತಕದಲ್ಲಿ ಓದಿದ್ದೆ, ನಂಬಿದ್ದು ಆಗ.

ಮರುದಿನ ಒಂದು ಹಳದಿ ಎಲೆಯನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋದೆ. ವೃದ್ಧರು ಅದನ್ನು ಬೆಳಕಿಗೆ ಹಿಡಿದು, "ಮನಿ ಕಟ್ಟಿದ ಸುಣ್ಣ, ಸಿಮೆಂಟು ಅಂಗಳದಾಗ ಬಿದ್ದೈತೇನ್ರಿ?" ಎಂದರು. ಬಿದ್ದಿತ್ತು. "ನೋಡ್ರಿ ಮತ್ತ. ನೆಲದಾಗ ಕಬ್ಬಿಣ ಐತಿ, ಬೇರಿಗೆ ಸಿಗಂಗಿಲ್ಲ. ಹಗೇವು ತುಂಬ ಜ್ವಾಳ ಐತಿ, ಕೀಲಿ ಸುಣ್ಣದ ಕೈಯಾಗೈತಿ. ಎಲೀ ಮ್ಯಾಲಿಂದು ಅದಿರು, ಬರೇ ಕಲ್ಲು. ಕಲ್ಲು ನೆಕ್ಕಿದ್ರ ಹೊಟ್ಟಿ ತುಂಬ್ತೈತೇನ್ರಿ?"

ನೀರಿನಲ್ಲಿ ಕರಗುವ ಕಬ್ಬಿಣದ ಪುಡಿ ಕೊಟ್ಟರು. "ಚೀಟಿಯಾಗ ಬರದದ್ದರಾಗ ಅರ್ಧಾ ಹಾಕ್ರಿ. ಬಿಸಲು ಇಳದ ಮ್ಯಾಲ ಹೊಡೀರಿ, ಎಲೀ ಬೆನ್ನಿಗೂ. ಮತ್ತ ವಾದ ಮಾಡಬ್ಯಾಡ್ರಿ."

ಮಾಡಲಿಲ್ಲ. ತೊಳೆದೆವು, ಸಂಜೆ ಮಂಜಿನ ಹಾಗೆ ತೆಳುವಾಗಿ ಸಿಂಪಡಿಸಿದೆವು, ಬುಡಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿದೆವು. ಹತ್ತು ದಿನ ಬಿಟ್ಟು ಮತ್ತೊಮ್ಮೆ. ಸುಟ್ಟ ಎಲೆಗಳು ಕೊನೆಯವರೆಗೂ ನನ್ನನ್ನು ಕ್ಷಮಿಸದೆ ಉದುರಿಹೋದವು. ಹೊಸ ಚಿಗುರು ಮಾತ್ರ ಹಸಿರಾಗಿಯೇ ಬಂತು. ಯುಗಾದಿಯ ಬೆಳಿಗ್ಗೆ ಹೊನ್ನೂರಮ್ಮ ನಮ್ಮ ಬಾಗಿಲು ಬಡಿದು ಹೇಳಿದ್ದು ಒಂದೇ ಮಾತು: "ಮೊಗ್ಗು."

ಕುಬಸಕ್ಕೆ ಸಿಕ್ಕಿದ್ದು ಎರಡು ಮೊಳ ಹೂವು. ಹೊನ್ನೂರಮ್ಮನವರ ಬುತ್ತಿಯ ಬುಟ್ಟಿ ಹೊತ್ತು ಕಂಪ್ಲಿಗೆ ನಾನೂ ಹೋಗಿದ್ದೆ. ತಾಯಿ ಮುಡಿಸಿದ ದಂಡೆಯನ್ನು ರೇಣುಕಾ ಮುಟ್ಟಿ ನೋಡಿಕೊಂಡು, "ಹೂವು ಬೆಳ್ಳಗ ಐತಲ್ಲವ್ವಾ, ನಮ್ಮೂರಿಂದಾ ಹೌದಾ?" ಎಂದಳು. ಹೊನ್ನೂರಮ್ಮ ನನ್ನ ಕಡೆ ನೋಡಿದರು. "ಹೌದವ್ವಾ. ಸಾರ್ ಮಾತು ಬಿಟ್ಟು ನೀರು ಹೊತ್ತಾರ." ಕುಳಿತಿದ್ದ ಹೆಂಗಸರೆಲ್ಲ ನಕ್ಕರು. ನನಗೆ ದೊರೆತ ಬಹುಮಾನಗಳಲ್ಲಿ ಧೂಳು ಹಿಡಿಯದಿರುವುದು ಇದೊಂದೇ.

ಸುಧಾರಣೆಯ ಹುಮ್ಮಸ್ಸು ನನಗೆ ಇನ್ನೂ ಇಳಿದಿಲ್ಲ. ಉಣಿಸುವ ಮೊದಲು ತೊಳೆಯಬೇಕು, ಹೇಳುವ ಮೊದಲು ಮಗುಚಿ ನೋಡಬೇಕು ಎಂಬಷ್ಟು ತಿದ್ದುಪಡಿಯಾಗಿದೆ. ನಿಮ್ಮಲ್ಲಿ ಒಂದು ಕೋರಿಕೆ. ನಾಳೆ ಬೆಳಿಗ್ಗೆ ಟಾನಿಕ್ ಕೊಳ್ಳಲು ಹೊರಡುವ ಮುನ್ನ ನಿಮ್ಮ ಗಿಡದ ಎಲೆಗಳನ್ನು ಬರಿಯ ನೀರಿನಲ್ಲಿ ತೊಳೆಯಿರಿ. ಅಂಗಡಿಗೆ ಹೋಗುವಾಗ ಒಂದು ಎಲೆಯನ್ನು ಜೊತೆಗೆ ಒಯ್ಯಿರಿ.