ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನದಾಫ್ ಸರ್

ಹೋದ ವರ್ಷ ಶ್ರಾವಣದ ಎರಡನೇ ಸೋಮವಾರ ಬೆಳಿಗ್ಗೆ ಮೆಣಸಗಿಯ ಹೊಳೆದಂಡೆಯ ಓಣಿಗೆ ಮಲಪ್ರಭೆಯ ನೀರು ನುಗ್ಗಿತು. ಅದಕ್ಕೆ ಮೊದಲೇ ರೋಣದ ಒಂದು ಕಚೇರಿಯ ಕಂಪ್ಯೂಟರಿನಿಂದ ಊರಿನವರ ಫೋನುಗಳಿಗೆ ಎಚ್ಚರಿಕೆಯ ಕರೆ ಹೋಗಬೇಕಿತ್ತು. ಒಂದೂ ಹೋಗಲಿಲ್ಲ. ಜೀವಹಾನಿ ಆಗಲಿಲ್ಲ. ಆಮೇಲೆ ಬಂದ ವರದಿ ತಪ್ಪನ್ನು ಒಬ್ಬರ ಮೇಲೆ ಹೊರಿಸಿತು: ಆ ಪ್ರೋಗ್ರಾಮನ್ನು ಮೊದಲು ಬರೆದುಕೊಟ್ಟಿದ್ದ ಇಮಾಮಸಾಬ ನದಾಫ್. ಗಜೇಂದ್ರಗಡದಲ್ಲಿ ನನಗೆ ಸಿ ಭಾಷೆ ಕಲಿಸಿದವರು ಅವರೇ.

ನದಾಫ್ ಸರ್ ಕೇಳದೆ ಏನನ್ನೂ ನಂಬುತ್ತಿರಲಿಲ್ಲ. ಒಮ್ಮೆ ಸಹಪಾಠಿಯೊಬ್ಬಳ ಮನೆಗೆ ಊಟಕ್ಕೆಂದು ನಾವು ನಾಲ್ವರು ಅವರ ಜೊತೆ ಸೂಡಿಗೆ ಹೊರಟಿದ್ದೆವು. ಗಜೇಂದ್ರಗಡದ ನಿಲ್ದಾಣದಲ್ಲಿ ಸೂಡಿಯ ಬೋರ್ಡು ಹೊತ್ತ ಬಸ್ಸು ನಿಂತಿತ್ತು. ನಾವು ಹತ್ತಿ ಕಿಟಕಿ ಹಿಡಿದು ಕೂತಿದ್ದೆವು. ಸರ್ ಬಾಗಿಲಲ್ಲೇ ನಿಂತರು.

"ಸೂಡಿಗೆ ಹೋಗ್ತೈತೇನ್ರಿ?"

"ಬೋರ್ಡು ಕಾಣವಲ್ದೇನ್ರಿ ಸರ?" ಎಂದ ಕಂಡಕ್ಟರ್.

"ಬೋರ್ಡು ಕಾಣ್ತೈತ್ರಿ. ಬಸ್ಸು ಎಲ್ಲಿ ಹೊಂಟೈತಿ ಅಂತ ಬೋರ್ಡಿಗೆ ಗೊತ್ತಿರ್ತೈತೇನು? ನಿಮಗ ಗೊತ್ತಿರ್ತೈತಿ."

ಕಂಡಕ್ಟರ್ ಡ್ರೈವರನ ಕಡೆ ತಿರುಗಿದ. ಡ್ರೈವರ್ ಬೀಡಿ ಎಸೆದು, "ಇವತ್ತ ನರಗುಂದಕ್ಕ ಐತಲೇ, ಬೋರ್ಡ ಬದ್ಲಿ ಮಾಡಿಲ್ಲ" ಎಂದ. ಸರ್ ನಮ್ಮತ್ತ ಕೈ ಬೀಸಿದರು. "ಇಳೀರಿ, ಸಾಹೇಬ್ರ." ನಗಲಿಲ್ಲ.

ಮರುದಿನ ತರಗತಿಯಲ್ಲಿ ಅದೇ ಪಾಠವಾಯಿತು. ಕಂಪ್ಯೂಟರಿನ ಒಳಗೆ ನೂರಾರು ಮಿತಿಗಳಿರುತ್ತವೆ. ಒಂದೇ ಸಲಕ್ಕೆ ಎಷ್ಟು ಕಡತ ತೆರೆಯಬಹುದು, ಸಾಲಿನಲ್ಲಿ ಎಷ್ಟು ಸಂದೇಶ ಕಾಯಬಹುದು ಎಂಬಂಥವು. ಇವು ಯಂತ್ರದಿಂದ ಯಂತ್ರಕ್ಕೆ ಬೇರೆ. ಬಹಳ ಜನ ತಮಗೆ ತಿಳಿದ ಅಂಕಿಯನ್ನೇ ಪ್ರೋಗ್ರಾಮಿನಲ್ಲಿ ಬರೆದುಬಿಡುತ್ತಾರೆ. ಓಡುತ್ತಿರುವ ಯಂತ್ರವನ್ನೇ ಕೇಳಬೇಕೆಂಬುದು ಸರ್ ಅವರ ಹಟ. ಉತ್ತರ ಕೊಡುವುದು ಯಂತ್ರವನ್ನು ಒಳಗಿನಿಂದ ನಡೆಸುವ ಮೂಲ ಪ್ರೋಗ್ರಾಂ, ಕರ್ನೆಲ್. ಅದನ್ನು ಕೇಳುವ ಒಂದು ಬಗೆಗೆ ಸಿಸ್‌ಕಾನ್ಫ್ ಎಂದು ಹೆಸರು.

"ಕರ್ನೆಲ್ಲು ಅಂದ್ರ ಬೀಗರ ಮನಿ ಇದ್ದಂಗ," ಎನ್ನುತ್ತಿದ್ದರು. "ಸೀದಾ ಒಳಗ ಹೋಗಿ ಡಬ್ಬಿ ತಗದ ಸಕ್ರಿ ಎಷ್ಟೈತಿ ಅಂತ ನೋಡಬ್ಯಾಡ. ಮನ್ಯಾಗ ಕುಂತು ಇಷ್ಟಿರಬೇಕು ಅಂತ ಅಂದಾಜೂ ಮಾಡಬ್ಯಾಡ. ಬಾಗಲದಾಗ ನಿಂದ್ರು, ಕೇಳು."

ಇನ್ನೊಂದು ಮಾತನ್ನು ಅವರು ನಮ್ಮಿಂದ ಬಾಯಿಪಾಠ ಮಾಡಿಸಿದ್ದರು. ಕೇಳಿದ್ದಕ್ಕೆ ಕೆಲವೊಮ್ಮೆ ಮೈನಸ್ ಒಂದು ಎಂದು ಉತ್ತರ ಬರುತ್ತದೆ. ಅದಕ್ಕೆ ಎರಡು ಅರ್ಥ. ಆ ವಿಷಯಕ್ಕೆ ಮಿತಿಯೇ ಇಲ್ಲ ಎಂಬುದು ಒಂದು. ಕೇಳಿದ ರೀತಿಯೇ ತಪ್ಪು ಎಂಬುದು ಇನ್ನೊಂದು. ಯಾವುದೆಂದು ತಿಳಿಯಬೇಕಾದರೆ, ತಪ್ಪಿನ ಗುರುತು ಬೀಳುವ ಜಾಗವನ್ನು ಕೇಳುವ ಮೊದಲೇ ಒರೆಸಿ ಸೊನ್ನೆ ಮಾಡಿರಬೇಕು.

"ಮೊದಲ ಪಾಟಿ ಒರಸು, ಆಮ್ಯಾಲೆ ಕೇಳು. ಉತ್ತರ ಬರ್ಲಿಲ್ಲಂದ್ರ ಅವ್ನ ಮ್ಯಾಲೆ ಹಾಕಬ್ಯಾಡ. ನೀ ಕೇಳಿದ್ದು ಬರೋಬ್ಬರಿ ಇತ್ತೋ ಇಲ್ಲೋ ನೋಡು."

ರೋಣದ ಕಚೇರಿಯ ಪ್ರೋಗ್ರಾಮನ್ನು ಅವರು ಬರೆದದ್ದೂ ಹಾಗೆಯೇ. ಹೊಳೆಯ ಮಟ್ಟ ಏರಿದಾಗ ಕರೆಗಳು ಒಂದು ಸಾಲಿನಲ್ಲಿ ನಿಂತು ಒಂದೊಂದಾಗಿ ಹೊರಡಬೇಕು. ಆ ಸಾಲಿಗೆ ನೂರು ಸಂದೇಶಗಳ ಮಿತಿಯನ್ನು ಅವರೇ ಯಂತ್ರದಲ್ಲಿ ಇಟ್ಟಿದ್ದರು. ಆದರೂ ಶುರುವಾಗುವಾಗಲೆಲ್ಲ ಪ್ರೋಗ್ರಾಂ ಯಂತ್ರವನ್ನು ಮಿತಿ ಎಷ್ಟೆಂದು ಕೇಳುತ್ತಿತ್ತು. ನೂರು ಎಂದರೆ ನೂರರ ಸಾಲು, ಹತ್ತು ಎಂದರೆ ಹತ್ತರ ಸಾಲು ತೆರೆಯುತ್ತಿತ್ತು.

"ನೀವ ಇಟ್ಟದ್ದು ನಿಮಗ ಗೊತ್ತಿಲ್ಲೇನ್ರಿ ಸರ?" ಎಂದು ನಾನು ಕೇಳಿದ್ದೆ.

"ಇವತ್ತ ನಾ ಇಟ್ಟೀನಿ. ನಾಳೆ ಯಾರ ಏನ ಇಡ್ತಾರ, ನನಗ ಹ್ಯಾಂಗ ಗೊತ್ತಾಗಬೇಕು ತಂಗಿ?"

ಅವರು ಆ ಕೆಲಸ ಬಿಟ್ಟ ಮೇಲೆ ನಿರ್ವಹಣೆ ಒಬ್ಬ ಗುತ್ತಿಗೆದಾರರಿಗೆ ಹೋಯಿತು. ಆಮೇಲೆ ಮಾಹಿತಿ ಹಕ್ಕಿನಲ್ಲಿ ನಾನು ಪಡೆದ ಪ್ರೋಗ್ರಾಮಿನ ಮತ್ತು ಕಡತದ ಪ್ರತಿಗಳಲ್ಲಿ ಮುಂದಿನದೆಲ್ಲ ಇದೆ. ಪ್ರೋಗ್ರಾಮಿನಲ್ಲಿ ಮಿತಿಯನ್ನು ಕೇಳುವ ಸಾಲುಗಳನ್ನು ತೆಗೆದುಹಾಕಲಾಗಿದೆ. ಪಕ್ಕದಲ್ಲಿ "ಅನಗತ್ಯ" ಎಂಬ ಟಿಪ್ಪಣಿ ಇದೆ. ಅವುಗಳ ಜಾಗದಲ್ಲಿ ನೂರು ಎಂಬ ಅಂಕಿ ಕೂತಿದೆ. ಪ್ರವಾಹದ ಹಿಂದಿನ ತಿಂಗಳು ಹಳೆಯ ಯಂತ್ರ ಬದಲಿಸಿ ಹೊಸದನ್ನು ಇಟ್ಟರು. ಹೊಸ ಯಂತ್ರದ ಮಿತಿ ಹತ್ತು. ಪ್ರೋಗ್ರಾಂ ನೂರರ ಸಾಲು ತೆರೆಯಲು ಹೋಯಿತು, ಯಂತ್ರ ಒಪ್ಪಲಿಲ್ಲ, ಮೈನಸ್ ಒಂದು ಎಂದಿತು. ಆ ಉತ್ತರವನ್ನು ನೋಡುವ ಸಾಲನ್ನೂ ತೆಗೆದಿದ್ದರು; ಕರೆಗಳು ನಿಂತದ್ದು ಯಾರಿಗೂ ತಿಳಿಯಲಿಲ್ಲ.

ನೀರು ಇಳಿದ ಮೂರನೇ ದಿನ ಸರ್ ಮೆಣಸಗಿಗೆ ಹೋದರು. ಪತ್ರಿಕೆಯ ವರದಿಗಾರ್ತಿಯಾದ ನಾನು ಸುದ್ದಿಗೆಂದು ಅಲ್ಲೇ ಇದ್ದೆ. ಹಿಟ್ಟಿನ ಗಿರಣಿಯ ಯಲ್ಲವ್ವ ಕೆಸರು ಬಳಿದು ಹಾಕುತ್ತಿದ್ದಳು. ಫೋನಿನ ಯಂತ್ರದ ಮಾಸ್ತರು ಎಂದು ಯಾರೋ ಹೇಳಿದ್ದೇ ತಡ, ಸಲಿಕೆ ಹಿಡಿದೇ ಎದ್ದು ಬಂದಳು.

"ನಿಮ್ಮ ಮಷಿನ್ನಿಗೆ ನಿದ್ದಿ ಹತ್ತಿತ್ತೇನ್ರಿ? ಒಂದ ಫೋನು! ಒಂದ ಫೋನು ಬಂದಿದ್ರ ಮೋಟಾರ ಬಿಚ್ಚಿ ಅಟ್ಟದ ಮ್ಯಾಲೆ ಇಡ್ತಿದ್ನಿ. ಸಾಲಿ ಕಲ್ತವ್ರು ನೀವು, ಎದಕ್ಕ ಬಂದೀರಿ, ಕೆಸರ ನೋಡಾಕ?"

"ಹೌದವಾ," ಎಂದರು ಸರ್. "ಫೋನು ಬರಬೇಕಿತ್ತು."

ಪ್ರೋಗ್ರಾಮನ್ನು ಯಾರೋ ತಿದ್ದಿರಬಹುದು ಎಂದು ಅವರು ಹೇಳಲಿಲ್ಲ. ಆಗ ಅವರಿಗೆ ಖಚಿತವಾಗಿ ಗೊತ್ತಿರಲಿಲ್ಲ. ಬಸ್ಸು ಬರುವವರೆಗೂ ಅವಳ ಬೈಗುಳ ಕೇಳಿದರು.

ವರದಿ ಬಂದಾಗ ಅದರಲ್ಲಿ ಈ ವಾಕ್ಯವಿತ್ತು: "ಮೂಲ ಪ್ರೋಗ್ರಾಂ ದೋಷಪೂರಿತವಾಗಿದ್ದು, ಈ ಕುರಿತು ಶ್ರೀ ನದಾಫ್ ಅವರನ್ನು ಕೇಳಲಾಗಿ, ಉತ್ತರ ಬಂದಿರುವುದಿಲ್ಲ." ನಾನು ರೋಣದ ಕಚೇರಿಗೆ ಹೋಗಿ ಗುಮಾಸ್ತರನ್ನು ವಿಚಾರಿಸಿದೆ.

"ಕೇಳೇವ್ರಿ ಮೇಡಮ್ಮರ. ನೋಟೀಸ ಕಳಿಸೇವಿ."

"ಮುಟ್ಟೈತೇನ್ರಿ?"

"ಕಳಸೂದು ನಮ್ಮ ಕೆಲಸ. ಮುಟ್ಟಸೂದು ಪೋಸ್ಟಿನವ್ರದು."

ಲಕೋಟೆ ಅದೇ ಕಡತದಲ್ಲಿತ್ತು. ಗಜೇಂದ್ರಗಡದಲ್ಲಿ ಸರ್ ಎಂದೋ ಬಿಟ್ಟಿದ್ದ ಬಾಡಿಗೆ ಮನೆಯ ವಿಳಾಸ. ಅದರ ಮೇಲೆ "ಮನೆ ಬಿಟ್ಟಿದ್ದಾರೆ" ಎಂಬ ಅಂಚೆಯವರ ಬರಹ. ಒಡೆದಿರಲಿಲ್ಲ. ಅದೇ ಕಡತದ ಮೊದಲ ಪುಟದಲ್ಲಿ ಸರ್ ಅವರ ಫೋನ್ ನಂಬರ್ ಇತ್ತು. ತೋರಿಸಿದೆ.

"ಫೋನ ಮಾಡಿ ಕೇಳ್ರಿ ಅಂತ ನಿಯಮದಾಗ ಇಲ್ರಿ," ಎಂದರು ಗುಮಾಸ್ತರು.

ನಾನು ಸರ್ ಅವರನ್ನು ಕೊನೆಯ ಸಲ ಕಂಡದ್ದು ನರಗುಂದದ ಅವರ ಮನೆಯಲ್ಲಿ. ಎಂದೂ ದನಿ ಏರಿಸದವರು ಅಂದು ವರದಿಯನ್ನು ಮಂಚದ ಮೇಲೆ ಬಡಿದರು.

"ಕೇಳೇವಿ ಅಂತ ಬರದಾರ ತಂಗಿ! ಯಾರ್ನ ಕೇಳಿದ್ರು? ಬಿಟ್ಟ ಬಂದ ಮನಿ ಕದಾ ಕೇಳಿದ್ರೇನು? ಕದಾ ಮಾತಾಡ್ಲಿಲ್ಲ ಅಂತ ಇಮಾಮಸಾಬ ತಪ್ಪ ಒಪ್ಕೊಂಡ ಅಂತ ಬರದ್ರೇನು?"

"ಸಾವಕಾಶ ಮಾತಾಡ್ರಿ, ಬಿ.ಪಿ. ಐತಿ," ಎಂದರು ಅವರ ಹೆಂಡತಿ ಖೈರುನಬಿ, ಚಹಾ ಇಡುತ್ತ.

"ಸಾವಕಾಶ ಮಾತಾಡಿದ್ದಕ್ಕ ಇಷ್ಟ ಆಗೇತಿ."

ಏನೆಂದು ಬರೆಯಲಿ ಎಂದು ಕೇಳಿದೆ. ಚಹಾದ ಕಪ್ಪು ಪಕ್ಕಕ್ಕೆ ಸರಿಸಿ ಹೇಳಿದರು: "ತಪ್ಪ ನಂದಲ್ಲ ಅಂತ ಬರೀಬ್ಯಾಡ. ನನ್ನ ಕೇಳಿಲ್ಲ ಅಂತ ಬರಿ. ಆ ಒಂದ ಸಾಲು ಅಳಸಿದ್ರ ಸಾಕು. ಮೆಣಸಗಿ ಆ ಗಿರಣಿ ಹೆಣ್ಮಗಳಿಗೆ ಆ ವರದಿ ಯಾರರ ಓದಿ ಹೇಳಿರ್ತಾರ."

ನಾನು ಬರೆದದ್ದು ಪತ್ರಿಕೆಯಲ್ಲಿ ಬಂತು. ಸರ್ ತಾವು ಬರೆದ ಮೂಲ ಪ್ರತಿ, ತಿದ್ದಿದ ಪ್ರತಿ ಎರಡನ್ನೂ ಲಗತ್ತಿಸಿ, ಆ ವಾಕ್ಯ ತೆಗೆಯುವಂತೆ ಕಚೇರಿಗೆ ಅರ್ಜಿ ಕೊಟ್ಟರು. ಕೊಡುವಾಗ ಕಿಟಕಿಯಲ್ಲಿ ನಿಂತು, ಇದನ್ನು ಯಾರು ಓದುತ್ತಾರೆ ಎಂದು ಕೇಳಿದರಂತೆ. ಒಳಗಿನವರು ಮುದ್ರೆ ಒತ್ತಿ ರಶೀದಿ ಕೊಟ್ಟರಂತೆ.

ಈ ಬೇಸಿಗೆಯಲ್ಲಿ, ಒಂದು ಗುರುವಾರ ಮಧ್ಯಾಹ್ನ, ಅವರು ಹೃದಯಾಘಾತದಿಂದ ತೀರಿಕೊಂಡರು. ಒಂಬತ್ತನೇ ದಿನ ನರಗುಂದದ ಮನೆಗೆ ಕಚೇರಿಯ ಪತ್ರ ಬಂತು. ವಿಳಾಸ ಸರಿಯಾಗಿತ್ತು. ಪತ್ರ ತಲುಪಿದ ಹದಿನೈದು ದಿನಗಳೊಳಗೆ ಅರ್ಜಿದಾರರು ಖುದ್ದು ಹಾಜರಾಗಿ ಹೇಳಿಕೆ ನೀಡತಕ್ಕದ್ದು, ತಪ್ಪಿದಲ್ಲಿ ಅವರಿಗೆ ಹೇಳುವುದೇನೂ ಇಲ್ಲವೆಂದು ಭಾವಿಸಲಾಗುವುದು ಎಂದಿತ್ತು. ಖೈರುನಬಿ ಮರಣ ಪ್ರಮಾಣಪತ್ರದ ಪ್ರತಿ ಒಯ್ದು ಕಿಟಕಿಯಲ್ಲಿ ಕೊಟ್ಟು ಬಂದರು.

ಹದಿನೈದು ದಿನಗಳು ಕಳೆದ ಶನಿವಾರಕ್ಕೆ ಮುಗಿದವು. ವರದಿಯಲ್ಲಿ ಆ ವಾಕ್ಯ ಹಾಗೆಯೇ ಇದೆ.